ಫೇಲಾಗುವ ವಿಷಯಗಳು

ಇಂಜಿನಿಯರಿಂಗ್ ಕಾಲೇಜಿನ ಪ್ರವೇಶದ ಕೌಂಟರಿನಲ್ಲಿದ್ದ ಯಂತ್ರ ವಿನುತಾಳ ಮುಂದಿನ ನಾಲ್ಕು ವರ್ಷಗಳ ಓದನ್ನು ಮುಂಚಿತವಾಗಿಯೇ ಓಡಿಸಿ ನೋಡಿತು. ಅಷ್ಟರಲ್ಲಿ ಅವಳಪ್ಪ ತಿಪ್ಪೇಸ್ವಾಮಿ ಚಹಾ ಕುಡಿದು ಮುಗಿಸಿದ್ದರು.

"ಕಂಪ್ಯೂಟರ್ ಸೈನ್ಸ್, ಫಸ್ಟ್ ಕ್ಲಾಸ್," ಎಂದು ಕೌಂಟರಿನ ಹೆಂಗಸು ಪದವಿ ಪತ್ರವನ್ನೇ ಮುಂದಿಟ್ಟಳು. "ಹೇಗೂ ಪಾಸಾಗ್ತೀರಿ ಅಂತ ಗೊತ್ತಾಯ್ತಲ್ಲ, ಇನ್ನು ಕಾಲೇಜಿಗೆ ಯಾಕೆ ಬರಬೇಕು?"

ತಿಪ್ಪೇಸ್ವಾಮಿ ಆಗಲೇ ತಂಗಿಗೆ ಫೋನ್ ಹಚ್ಚಿ, "ನಮ್ಮ ಹುಡುಗಿ ಬಿ.ಇ. ಮುಗಿಸಿದಳು," ಎನ್ನುತ್ತಿದ್ದರು.

"ಮೇಡಂ, ನನಗೆ ಒಂದು ಸಾಲು ಪ್ರೋಗ್ರಾಮ್ ಬರೆಯೋಕೂ ಬರಲ್ಲ," ಎಂದಳು ವಿನುತಾ.

"ನಮ್ಮ ಪ್ರಿನ್ಸಿಪಾಲರಿಗೂ ಬರಲ್ಲಮ್ಮ. ಅವರೂ ಹೀಗೇ ಪಾಸಾದವರು."

"ಹಾಗಾದರೆ ಕ್ಲಾಸು ಯಾರಿಗೆ ನಡೆಯುತ್ತೆ?"

"ಫೇಲಾಗೋರಿಗೆ. ಪಾಪ, ಅವರು ಬಂದು ಕೂತು ಕಲೀಲೇಬೇಕು."

ವಿನುತಾ ಪದವಿ ಪತ್ರವನ್ನು ಹಿಂದಕ್ಕೆ ತಳ್ಳಿದಳು. "ನಾನು ಫೇಲಾಗೋ ವಿಷಯಗಳನ್ನೇ ಹಾಕಿ ಇನ್ನೊಂದು ಸಲ ಓಡಿಸಿ," ಎಂದಳು.

ಈ ಸಲ ಯಂತ್ರದ ಪರದೆ ಕೆಂಪಾಯಿತು. ತಿಪ್ಪೇಸ್ವಾಮಿ ಮಾತು ಅರ್ಧಕ್ಕೇ ನಿಲ್ಲಿಸಿ ಫೋನ್ ಇಟ್ಟರು. ಹೆಂಗಸು ಮರುಕದಿಂದ, ಕ್ಲಾಸು ನಡೆಯುವ ಹಿಂದಿನ ಕಟ್ಟಡದ ದಾರಿ ತೋರಿಸಿದಳು.

ಅಲ್ಲಿ ಖಾಲಿ ಕೊಠಡಿಯಲ್ಲಿ ವಯಸ್ಸಾದ ಮೇಷ್ಟ್ರೊಬ್ಬರು ಕೂತಿದ್ದರು. "ಯಾವುದರಲ್ಲಿ ಫೇಲಮ್ಮ?" ಎಂದು ಕೇಳಿದರು.

"ಎಲ್ಲದರಲ್ಲೂ, ಸಾರ್."

ಮೇಷ್ಟ್ರು ಲಗುಬಗೆಯಿಂದ ಎದ್ದು, ಮುಂದಿನ ಬೆಂಚಿನ ಧೂಳನ್ನು ತಾವೇ ಒರೆಸಿದರು.