ಅಳಿಸಬೇಕಾದ ಹೆಸರು

"ಇನ್ನೊಂದೇ ಬಾಕಿ. ಆ ಹೆಸರನ್ನ ಅಳಿಸಿಬಿಡಿ, ಪರೀಕ್ಷೆ ಮುಗೀತು," ಎಂದರು ಪರೀಕ್ಷಕ ಕಾಲ್ಚೆವ್.

ರೊಸಿತ್ಸಾಳ ಬೆರಳು ಕೀಲಿಮಣೆಯ ಮೇಲೇ ನಿಂತುಬಿಟ್ಟಿತು. ಇಂಟರ್ನೆಟ್ ವಿಳಾಸಗಳನ್ನು ಜನರಿಗೆ ನೋಂದಾಯಿಸಿಕೊಡುವ ಪರವಾನಗಿ ಬೇಕೆಂದರೆ ಸೋಫಿಯಾ ನಗರದ ಈ ಕಚೇರಿಗೆ ಬಂದು, ಇವರ ಕಣ್ಣೆದುರೇ ಒಂದು ಹೆಸರನ್ನು ಹೊಸದಾಗಿ ದಾಖಲಿಸಬೇಕು, ಅದರ ಅವಧಿ ಹೆಚ್ಚಿಸಬೇಕು, ಒಡೆಯರನ್ನು ಬದಲಿಸಬೇಕು, ಕೊನೆಗೆ ಅಳಿಸಬೇಕು. ಅರ್ಧ ಗಂಟೆ ಗಡುವು. ತಪ್ಪಿದರೆ ಮತ್ತೆ ಆರು ತಿಂಗಳಿಗೆ. ಪ್ಲೋವ್ದಿವ್‌ನಲ್ಲಿರುವ ಅವಳ ಪುಟ್ಟ ಕಂಪನಿ ಅಲ್ಲಿಯವರೆಗೆ ಉಸಿರಾಡುವುದೇ ಅನುಮಾನ. ಮೊದಲ ಮೂರೂ ಸಲೀಸಾಗಿ ಆಗಿದ್ದವು. ಯಾವ ಹೆಸರಾದರೂ ನಡೆಯುತ್ತದೆ ಎಂದಿದ್ದರು. ಹೋಗಿ ಹೋಗಿ ಯಾಸೆನ್ಕಾ ಅಂತಲೇ ಹೊಡೆಯಬೇಕಿತ್ತೇ, ಪೆದ್ದಿ!

"ಏನಮ್ಮಾ, ಕೈ ಯಾಕೆ ನಿಂತ್ಹೋಯ್ತು? ಇದು ಪರೀಕ್ಷೆಗೆ ಅಂತ ಇಟ್ಟಿರೋ ನಕಲಿ ಪಟ್ಟಿ. ಸಂಜೆಯಾದ್ರೆ ಎಲ್ಲಾ ತಾನಾಗೇ ಅಳಿಸಿಹೋಗುತ್ತೆ."

"ಗೊತ್ತು ಸಾರ್. ಯಾಸೆನ್ಕಾ ನಮ್ಮಜ್ಜಿ ಊರು. ಅಣೆಕಟ್ಟೆ ಕಟ್ಟಿ ಮುಳುಗಿಸಿಬಿಟ್ರು. ಈಗ ನಾನೂ ನನ್ನ ಕೈಯಾರೆ..."

"ಹೋದ ವಾರ ಒಬ್ಬ ಬಿಟ್ಟುಹೋದ ಹೆಂಡ್ತಿ ಹೆಸರು ಹಾಕಿದ್ದ. ಎರಡೇ ಸೆಕೆಂಡು ನೋಡಿ, ಮಾಯ!" ಎಂದರು ಕಾಲ್ಚೆವ್. ತಾವು ಮಾತ್ರ ನಗಲಿಲ್ಲ. "ಎರಡು ನಿಮಿಷ ಇದೆ," ಎಂದವರೇ ಕಿಟಕಿಯ ಕಡೆ ತಿರುಗಿ ನಿಂತರು.

ರೊಸಿತ್ಸಾ ಕಣ್ಣು ಮುಚ್ಚಿ ಒತ್ತಿದಳು. 'ಈ ಹೆಸರು ಖಾಲಿ ಇದೆ' ಎಂದಿತು ಪರದೆ.

ಕಾಲ್ಚೆವ್ ಬಂದು ಅರ್ಜಿಯ ಮೇಲೆ ಮುದ್ರೆ ಒತ್ತಿದರು. "ಪಾಸಾದ್ರಿ."

ಎದ್ದು ಹೊರಟವಳಿಗೆ ಕುತೂಹಲ ತಡೆಯಲಾಗಲಿಲ್ಲ. "ಸಾರ್, ನಿಜವಾದ ಪಟ್ಟಿಯಲ್ಲಿ ಯಾಸೆನ್ಕಾ ಖಾಲಿ ಇದೆಯಾ? ನನ್ನ ಮೊದಲ ನೋಂದಣಿ ಅದೇ ಆಗ್ಲಿ ಅಂತ."

"ಇಲ್ಲಮ್ಮ. ಹದಿನಾರು ವರ್ಷದ ಹಿಂದೇನೇ ಒಬ್ರು ತಗೊಂಡಿದ್ದಾರೆ."

"ಅಯ್ಯೋ! ಯಾರು ಸಾರ್? ಅವರಿಗೆ ಆ ಊರು ಯಾಕೆ ಬೇಕಿತ್ತು?"

ಕಾಲ್ಚೆವ್ ಮತ್ತೆ ಕುರ್ಚಿಯಲ್ಲಿ ಕೂತರು. ಹೆಸರಿನ ಉಸ್ತುವಾರಿಯನ್ನು ಬೇರೆ ಕಂಪನಿಗೆ ವಹಿಸುವ ಅರ್ಜಿಯೊಂದನ್ನು ಎಳೆದುಕೊಂಡು, ನಿಧಾನವಾಗಿ ತುಂಬಿ, ಅವಳ ಮುಂದೆ ಸರಿಸಿದರು.

"ನಿಮ್ಮ ಮೊದಲ ಗಿರಾಕಿ. ಮುಂದಿನ ವರ್ಷ ನನಗೆ ನಿವೃತ್ತಿ. ಇನ್ಮೇಲೆ ಇದನ್ನ ನೀವು ನೋಡ್ಕೊಳ್ಳಿ."

ರೊಸಿತ್ಸಾ ಓದಿದಳು. ಹೆಸರು: ಯಾಸೆನ್ಕಾ. ಒಡೆಯರು: ಸ್ತಾಮೆನ್ ಕಾಲ್ಚೆವ್. ಸ್ವಂತ ವಿಳಾಸ: ಮನೆ ನಂಬರ್ ಹದಿನೇಳು, ಚರ್ಚ್ ಬೀದಿ, ಯಾಸೆನ್ಕಾ.