ದೊಡ್ಡ ಡಾಕ್ಟರ ತುತ್ತು

ಹೊಳೆ ನಡುವಿನ ನಮ್ಮ ಕುರ್ವೆಗೆ ದೋಣಿಯಲ್ಲಿ ಬಂದ ಸೇವೆಯ ಡಾಕ್ಟರುಗಳು ರಕ್ತ ನೋಡಿ, ನನ್ನ ತಂಗಿ ಸೋಮಿಗೆ ಹೆಪಟೈಟಿಸ್ ಬಿ ಅಂದಿದ್ದರು. ಅಂದಿನಿಂದ ಸೋಮಿಯ ಸೊಸೆ ಅವಳಿಗೆ ಹಿತ್ತಿಲಲ್ಲೇ ಬಡಿಸುತ್ತಿದ್ದಳು.

ಈ ವರ್ಷ ಮತ್ತೆ ಬಂದರು. ಡಾಕ್ಟರಿಗಿಂತ ಬ್ಯಾನರೇ ಜಾಸ್ತಿ, ಜೊತೆಗೊಬ್ಬ ಕ್ಯಾಮೆರಾದವ. ದೊಡ್ಡ ಡಾಕ್ಟರು ಸೊಸೆಯನ್ನು ಗದರಿದರು.

"ಒಟ್ಟಿಗೆ ಉಂಡರೆ ಇದು ಅಂಟುವುದಿಲ್ಲಮ್ಮ. ಒಳಗೆ ಕೂರಿಸಿಕೊಂಡು ಉಣ್ಣಿ."

"ಹೌದಾ? ಹಂಗಾರೆ ಅತ್ತೆ ಕೈತುತ್ತು ನೀವೊಂದು ಉಣ್ಣಿ ನೋಡ್ವ. ಇಂದೇ ಒಳಗೆ ಕರೀತೆ."

"ಅದಕ್ಕೇನಂತೆ, ಕೊಡಲಿ!"

ಸೋಮಿ ಅನ್ನಕ್ಕೆ ಮೀನುಸಾರು ಕಲಸಿ ತುತ್ತು ಎತ್ತಿದಳು. ಡಾಕ್ಟರು ಬಾಯಿ ತೆರೆದು ಕ್ಯಾಮೆರಾ ಕಡೆ ತಿರುಗಿದರು. ಸೊಸೆ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು.

"ಫೋಟೋ ಬಂತೇನಪ್ಪ?"

"ಚೆನ್ನಾಗಿ ಬಂತು ಸಾರ್."

ತುತ್ತು ಸೋಮಿಯ ಕೈಯಲ್ಲಿರುವಾಗಲೇ ಡಾಕ್ಟರು ಬಾಯಿ ಮುಚ್ಚಿಕೊಂಡು ದೋಣಿ ಹತ್ತಿದರು.