ಬಟ್ಟಲ ಮೇಲಿನ ಕೈಗವಸು

"ಇದು ನಡೆಯಲ್ಲ ಮೇಡಂ," ಎಂದು ಕ್ರಿಸ್ಪಿನ್ ಥ್ವೇಟ್ ಕೆಂಪು ಪೆನ್ನಿನಿಂದ ಇಡೀ ಪುಟಕ್ಕೆ ಅಡ್ಡಗೆರೆ ಎಳೆದ.

ಎದುರು ಕೂತಿದ್ದ ಹಾನರ್ ಪೆಂಗೆಲ್ಲಿಗೆ ಎಂಬತ್ತರ ಹತ್ತಿರದ ವಯಸ್ಸು. ಪುಟ ಅವಳ ಹೊಸ ಕಾದಂಬರಿಯದು. ಅವಳು ಸಿಟ್ಟಾಗಲಿಲ್ಲ. ಚಹಾದಂಗಡಿಯ ಹುಡುಗಿ ತಂದಿಟ್ಟ ಬನ್ನಿಗೆ ಬೆಣ್ಣೆ ಸವರತೊಡಗಿದಳು.

ರೀಜೆನ್ಸಿ ಕಾಲದ, ಅಂದರೆ ಹುಚ್ಚು ಹಿಡಿದ ರಾಜನ ಹೆಸರಲ್ಲಿ ಮಗ ದರ್ಬಾರು ನಡೆಸಿದ ಕಾಲದ ಪ್ರೇಮಕಥೆಗಳಿಗೆ ಇಂಗ್ಲೆಂಡಿನ ಬಾತ್ ಊರಿನಲ್ಲಿ ಬರಗಾಲವಿಲ್ಲ. ಪ್ರಕಾಶಕರು ಅವನ್ನು ಕ್ರಿಸ್ಪಿನ್ ಕೈಯಲ್ಲಿ ಸೋಸಿಸದೆ ಅಚ್ಚಿಗೆ ಕೊಡುತ್ತಿರಲಿಲ್ಲ. ಇನ್ನೂ ಹುಟ್ಟಿರದ ಬೆಂಕಿಕಡ್ಡಿಯನ್ನು ನಾಯಕ ಗೀರಿದರೆ, ಇನ್ನೂ ಬಂದಿರದ ಕುಣಿತವನ್ನು ನಾಯಕಿ ಕುಣಿದರೆ, ಇವನು ತಕ್ಷಣ ಜುಟ್ಟು ಹಿಡಿಯುತ್ತಿದ್ದ. ಲೇಖಕರ ಕಣ್ಣಲ್ಲಿ ನೀರು ಬಂದ ದಿನ ಅವನಿಗೆ ಹಬ್ಬ.

"ಮದುವೆ ಕೇಳಿದವನಿಗೆ ನಿಮ್ಮ ನಾಯಕಿ ಬಾಯಿಬಿಟ್ಟು 'ಒಲ್ಲೆ' ಅಂತಾಳೆ. ಆ ಕಾಲದ ಹೆಣ್ಣು ಹಾಗನ್ನಲ್ಲ. ಎಡಗೈ ಗವಸು ಕಳಚಿ ಟೀ ಬಟ್ಟಲ ಮೇಲೆ ಮುಚ್ತಾಳೆ. ಗಂಡಸು ತೆಪ್ಪಗೆ ಎದ್ದು ಹೋಗ್ತಾನೆ. ಇಷ್ಟೂ ಗೊತ್ತಿಲ್ವಾ?"

"ಅಂಥ ಪದ್ಧತಿ ಇರಲೇ ಇಲ್ಲಪ್ಪಾ."

ವರ್ಷಗಟ್ಟಲೆ ತಿಣುಕಿ ಕ್ರಿಸ್ಪಿನ್ ಬರೆದ ದಪ್ಪ ಗ್ರಂಥ ಆ ಪದ್ಧತಿಯ ಮೇಲೆಯೇ. ಅದಕ್ಕಾಗಿ ಆ ಸಂಜೆಯೇ ಇತಿಹಾಸ ಸಂಘ ಅವನಿಗೆ ಚಿನ್ನದ ಪದಕ ತೊಡಿಸುವುದಿತ್ತು. ಮುದುಕಿ ಸಭೆಗೆ ಬಂದು ಹೀಗೇ ಒದರಿದರೆ ಮಾನ ಬೀದಿಪಾಲು.

"ವರ್ಷಾವರ್ಷ ಆ ಕಾಲದ ವೇಷ ತೊಟ್ಟು ಕುಣಿಯೋ ಹಬ್ಬಕ್ಕೆ ಬಂದು ನೋಡಿ. ಊರ ಹೆಂಗಸರೆಲ್ಲ ಹಾಗೇ ಮಾಡ್ತಾರೆ."

"ನೋಡಿದ್ದೀನಿ, ಗವಸೆಲ್ಲ ಟೀಯಲ್ಲಿ ತೊಯ್ದಿರುತ್ತೆ. ಪಾಪ, ಅವರಿಗೆ ಯಾರು ಹೇಳಿಕೊಟ್ರು?"

"ಮ್ಯೂಸಿಯಂನಲ್ಲಿ ಫಲಕ ಇದೆ."

"ಫಲಕ ಬರೆದೋರಿಗೆ?"

"ನನ್ನ ಗ್ರಂಥ," ಎಂದು ಅವನು ಗಂಟಲು ಸರಿಮಾಡಿಕೊಂಡ.

"ನಿಂಗೆ?"

ಇದೇ ಬೇಕಿತ್ತು. ಕ್ರಿಸ್ಪಿನ್ ಚೀಲದಿಂದ ಸವೆದ ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲೆ ಕುಕ್ಕಿದ. "ತಗೊಳ್ಳಿ, ಮೂಲ ಆಧಾರ! ಆಗಿನ ದೊಡ್ಡ ಮನೆತನದ ಹೆಣ್ಣುಮಗಳ ದಿನಚರಿ. ಅಟ್ಟದಲ್ಲಿ ಸಿಕ್ಕಿದ್ದನ್ನ ಐವತ್ತು ವರ್ಷದ ಹಿಂದೆ ಅಚ್ಚು ಹಾಕಿದ್ರು."

"ಯಾರ ಅಟ್ಟ?"

"ಮುನ್ನುಡಿಯಲ್ಲಿ ಹೇಳಿಲ್ಲ."

"ಕೈಬರಹ ನೋಡಿದ್ಯಾ?"

"ಅದೆಲ್ಲ ಯಾಕೆ ಮೇಡಂ? ಅವಳ ಒಂದೊಂದು ಮಾತೂ ಕಣ್ಣಾರೆ ಕಂಡ ಮಾತು. ನಿಮ್ಮಂಥೋರಿಗೆ ಈ ಜನ್ಮದಲ್ಲಿ ಹಾಗೆ ಬರೆಯಕ್ಕಾಗಲ್ಲ."

ಹಾನರ್ ಕೆನ್ನೆ ಕೆಂಪಾಯಿತು. ಅವಮಾನವಾಗಿರಬೇಕೆಂದು ಕ್ರಿಸ್ಪಿನ್ ಒಳಗೊಳಗೇ ಹಿಗ್ಗಿದ.

"ಅಂಥ ಪದ್ಧತಿ ಇರಲಿಲ್ಲ ಅಂತ ಅವಳೇ ಅಂದ್ರೆ ಒಪ್ತೀಯಾ?"

"ಅವಳೇ ಎದುರು ಬಂದು ಹೇಳಲಿ, ಪದಕ ಬೇಡ ಅಂದುಬಿಡ್ತೀನಿ!" ಎಂದು ಅವನು ಪಕ್ಕದ ಮೇಜಿನವರಿಗೂ ಕೇಳುವಂತೆ ನಕ್ಕ.

ಮುದುಕಿ ಬೆಣ್ಣೆಯ ಕೈ ಒರೆಸಿಕೊಂಡು, ಪುಸ್ತಕವನ್ನು ಎತ್ತಿ, ತುಂಬ ದಿನಕ್ಕೆ ಮನೆಗೆ ಬಂದ ಮಗಳ ತಲೆಯಂತೆ ಅದರ ರಟ್ಟನ್ನು ಸವರಿದಳು.

"ಕಥೆ ಅಂದ್ರೆ ಯಾರೂ ಕೊಳ್ಳಲ್ಲ, ದಿನಚರಿ ಅನ್ನೋಣ ಅಂತ ಪ್ರಕಾಶಕ ಹೇಳ್ದ, ನಂಗೋ ಆಗ ಚಿಕ್ಕ ವಯಸ್ಸು, ಅವಳ ಕೈಗವಸು ಎಲ್ಲಿಡಿಸೋದು ಅಂತಲೇ ಹೊಳೀದೆ ಬಟ್ಟಲ ಮೇಲೆ ಇಡಿಸಿಬಿಟ್ಟೆ ಕಣಪ್ಪಾ."